ಹಾಲಿಸ್ ಸಾಹೇಬರಿಗೊಂದು ರಾಜ್ಯೋತ್ಸವ

ಅಮೆರಿಕದ ರಾಬಿನ್ಸ್‌ವಿಲ್‌ನ ತಿಪ್ಪಣ್ಣನಿಗೆ ಇಂಗ್ಲೆಂಡಿನ ಬಗ್ಗೆ ತಿಳಿಯದ ವಿಷಯವೇ ಇರಲಿಲ್ಲ. ಯಾಕೆಂದರೆ ಅವನು ಅಲ್ಲಿ ಏಳು ವಾರ ಇದ್ದು ಬಂದಿದ್ದ. ಏಳು ವಾರ ಏನು ಮಹಾ ಎಂದು ಮೂಗು ಮುರಿಯುವವರು ಅದನ್ನು ತಿಪ್ಪಣ್ಣನ ಬಾಯಿಂದ ಕೇಳಿದವರಲ್ಲ. ಅವನ ಬಾಯಲ್ಲಿ ಆ ಏಳು ವಾರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಬಂದಿತ್ತು. ಈಗೀಗ "ನಾನು ಇಂಗ್ಲೆಂಡಿನಲ್ಲಿದ್ದ ಕಾಲದಲ್ಲಿ" ಎಂದು ಅವನು ಶುರು ಮಾಡಿದರೆ, ಇವನು ಅಲ್ಲೇ ಹುಟ್ಟಿ ಬೆಳೆದು ಯಾವುದೋ ಬೇಸರಕ್ಕೆ ನ್ಯೂಜೆರ್ಸಿಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿಕೊಂಡನೇನೋ ಎಂದು ಹೊಸಬರು ತಿಳಿಯುತ್ತಿದ್ದರು.

ಅವನು ಅಲ್ಲಿಗೆ ಹೋದದ್ದು ಆಫೀಸಿನ ಕೆಲಸದ ಮೇಲೆ, ಒಂದು ಜೂನ್ ತಿಂಗಳಲ್ಲಿ. ಹೋಗಿ ಇಳಿದರೆ ಊರಿಗೆ ಊರೇ ಬಾವುಟ ಕಟ್ಟಿಕೊಂಡು ಕೂತಿತ್ತು. ಬಿಳಿ ಬಟ್ಟೆ, ನಡುವೆ ಕೆಂಪು ಶಿಲುಬೆ. ಕಿಟಕಿಗೆ ಅದೇ, ಕಾರಿಗೆ ಅದೇ, ಹೆಂಡದಂಗಡಿಯ ಬಾಗಿಲಿಗೂ ಅದೇ. ಕೆಲವರು ಅದನ್ನು ಮುಖಕ್ಕೇ ಬಳಿದುಕೊಂಡಿದ್ದರು. ಇದೇನೆಂದು ಪಕ್ಕದ ಮೇಜಿನವನನ್ನು ಕೇಳಿದರೆ ಅವನು ಮುಷ್ಟಿ ಎತ್ತಿ ದೇಶದ ಹೆಸರು ಕೂಗಿದ. ಅದು ಫುಟ್‌ಬಾಲ್ ವಿಶ್ವಕಪ್ಪಿನ ತಿಂಗಳು, ತಂಡ ಸೋತ ಮರುದಿನ ಆ ಬಾವುಟಗಳೆಲ್ಲ ಅಟ್ಟ ಸೇರುತ್ತವೆ, ಮಿಕ್ಕ ದಿನಗಳಲ್ಲಿ ಇಂಗ್ಲಿಷರು ತಮ್ಮ ಬಾವುಟ ಕಂಡರೆ ನೆಂಟರ ಮುಂದೆ ಒಳಲಂಗ ಒಣಹಾಕಿದಷ್ಟು ನಾಚುತ್ತಾರೆ ಎಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ. ನಾಡಭಿಮಾನದಲ್ಲಿ ಕನ್ನಡಿಗರನ್ನು ಮೀರಿಸುವವರು ಯಾರಾದರೂ ಇದ್ದರೆ ಅವರು ಇಂಗ್ಲಿಷರೇ ಎಂದು ತೀರ್ಮಾನಿಸಿ ಅವನು ವಿಮಾನ ಹತ್ತಿದ್ದ.

ಈ ಜ್ಞಾನ ಬಹಳ ವರ್ಷ ಬಳಕೆಗೆ ಬಾರದೆ ಬಿದ್ದಿತ್ತು. ಅದಕ್ಕೆ ಕೆಲಸ ಕೊಟ್ಟವರು ಪಕ್ಕದ ಮನೆಯ ಡಾಕ್ಟರ್ ಡೆರೆಕ್ ಹಾಲಿಸ್. ಹಾಲಿಸ್ ಇಂಗ್ಲೆಂಡಿನವರು, ಅರವತ್ತು ದಾಟಿದ ಒಂಟಿ ಮನುಷ್ಯ. ಪ್ರಿನ್ಸ್‌ಟನ್ ಕಡೆಯ ಔಷಧ ಕಂಪನಿಯೊಂದರಲ್ಲಿ ರಸಾಯನ ವಿಜ್ಞಾನಿ. ಹೆಸರಿನ ಮುಂದಿನ ಡಾಕ್ಟರ್ ಎಂಬುದು ಪಿಎಚ್‌ಡಿ ಮಾಡಿ ಸಂಪಾದಿಸಿದ್ದು. ಮನುಷ್ಯರ ನಾಡಿಗೂ ಅದಕ್ಕೂ ಸಂಬಂಧವಿರಲಿಲ್ಲ. ಜೊತೆಗೆ ಆ ಬಡಾವಣೆಯ ಮನೆಮಾಲೀಕರ ಸಂಘದಲ್ಲಿ, ಅಂದರೆ ಎಲ್ಲರೂ ಎಚ್‌ಓಎ ಎಂದು ಕರೆದು ಹಲ್ಲು ಕಡಿಯುವ ಸಂಘದಲ್ಲಿ, ಅವರು ನಿಯಮ ಸಮಿತಿಯ ಅಧ್ಯಕ್ಷರು. ಹುಲ್ಲು ಎಷ್ಟುದ್ದ ಬೆಳೆಯಬಹುದು, ಬಾಗಿಲಿಗೆ ಯಾವ ಬಣ್ಣ ಬಳಿಯಬಹುದು, ಕಸದ ಡಬ್ಬ ಎಷ್ಟು ಹೊತ್ತು ಬೀದಿಯಲ್ಲಿ ನಿಲ್ಲಬಹುದು ಎಂಬುದೆಲ್ಲ ಅವರ ಕೈಯಲ್ಲಿತ್ತು.

ಹಿಂದಿನ ನವೆಂಬರಿನಲ್ಲಿ ತಿಪ್ಪಣ್ಣ ತನ್ನ ಮನೆಯ ಮುಂದೆ ಕನ್ನಡ ಬಾವುಟ ಹಾರಿಸಿದ್ದ. ಹಾಲಿಸ್ ಬಂದು ಬಾಗಿಲು ತಟ್ಟಿ, ಚಳಿಯ ವಿಷಯ ಮಾತಾಡಿ, ಬಣ್ಣ ಬಹಳ ಲವಲವಿಕೆಯದಾಗಿದೆ ಎಂದು ಹೊಗಳಿ, ತೊಂದರೆ ಇಲ್ಲದಿದ್ದರೆ ಇದು ಎಷ್ಟು ದಿನ ಇರಬಹುದು ಎಂಬುದರ ಬಗ್ಗೆ ಯಾವಾಗಲಾದರೂ ಸ್ವಲ್ಪ ಯೋಚಿಸಬಹುದೇನೋ ಎಂದರು. ತಿಪ್ಪಣ್ಣ ಯೋಚಿಸಿ, ಇವರಿಗೆ ಇಷ್ಟವಾಗಿದೆ ಎಂದು ಗರಾಜಿನ ಮೇಲೆ ಇನ್ನೊಂದು ಬಾವುಟ ಕಟ್ಟಿದ. ಅದೇ ವಾರ ಸಮಿತಿಯಿಂದ ನೋಟಿಸು ಬಂತು. ಬಡಾವಣೆಯಲ್ಲಿ ಅಮೆರಿಕದ ಬಾವುಟ ಬಿಟ್ಟು ಬೇರಾವ ಬಾವುಟಕ್ಕೂ ಅವಕಾಶವಿಲ್ಲ. ಎರಡೂ ಇಳಿದವು.

ಇಳಿದದ್ದು ಬಾವುಟ ಮಾತ್ರವಾಗಿದ್ದರೆ ತಿಪ್ಪಣ್ಣ ಸಹಿಸಿಕೊಳ್ಳುತ್ತಿದ್ದ. ಆದರೆ ಸಂಕ್ರಾಂತಿಯ ದಿನ, ಊರಿನ ಕನ್ನಡ ಬಳಗದ ಸಭೆಯಲ್ಲಿ, ಮುಂದಿನ ಅಧ್ಯಕ್ಷ ಯಾರು ಎಂಬ ಮಾತು ಬಂತು. ತಿಪ್ಪಣ್ಣ ಎದ್ದು ನಿಂತ. ಅವನ ಎದುರಿಗೆ ಶಿವಪ್ರಸಾದ್ ಎಂಬ ಗಂಭೀರ ಧ್ವನಿಯ ಮೈಸೂರಿನವರು ಎದ್ದು ನಿಂತರು. ಅವರು ಜಗಳವಾಡಲಿಲ್ಲ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ನಿಧಾನವಾಗಿ, "ಸ್ವಂತ ಮನೆ ಮುಂದೆ ನಾಡಿನ ಬಾವುಟ ಉಳಿಸ್ಕೊಳ್ಳೋಕೆ ಆಗದವರು ಬಳಗ ಹೇಗೆ ಉಳಿಸ್ತಾರೆ?" ಎಂದರು. ಸಭೆ ನಕ್ಕಿತು. ತಿಪ್ಪಣ್ಣನ ರಕ್ತ ಕುದಿಯಿತು. ಮುಂದಿನ ರಾಜ್ಯೋತ್ಸವದ ಮೆರವಣಿಗೆ ತನ್ನ ಮನೆಯ ಮುಂದೆ, ತನ್ನ ಬಾವುಟದ ಕೆಳಗಿನಿಂದಲೇ ಹೊರಡುತ್ತದೆ, ಹೊರಡದಿದ್ದರೆ ಅಧ್ಯಕ್ಷಗಿರಿ ನಿಮಗೇ ಇರಲಿ ಎಂದು ಎಲ್ಲರೆದುರು ಆಣೆ ಇಟ್ಟುಬಿಟ್ಟ.

ಆಣೆ ಇಟ್ಟ ಮೇಲೆ ಉಪಾಯ ಹುಡುಕುವುದು ಲೋಕದ ರೂಢಿ. ತಿಪ್ಪಣ್ಣನಿಗೆ ಅದು ಏಪ್ರಿಲ್ ಮೊದಲ ವಾರದಲ್ಲಿ ಹೊಳೆಯಿತು. ಇಂಗ್ಲೆಂಡಿನ ನಾಡಹಬ್ಬ ಏಪ್ರಿಲ್ ಇಪ್ಪತ್ಮೂರು, ಅವರ ರಕ್ಷಕ ಸಂತ ಜಾರ್ಜನ ದಿನ ಎಂದು ಅವನು ಎಲ್ಲೋ ಓದಿದ. ಹಾಗಾದರೆ ತಾನು ಜೂನಿನಲ್ಲಿ ಕಂಡದ್ದೇನು ಎಂಬ ಸಣ್ಣ ಅನುಮಾನ ಬಂದು, ಬಂದ ಹಾಗೇ ಹೋಯಿತು. ನಮ್ಮ ರಾಜ್ಯೋತ್ಸವವೂ ನವೆಂಬರ್ ಒಂದಕ್ಕೆ ಶುರುವಾಗಿ ಸಂಘಗಳ ಅನುಕೂಲದಂತೆ ಯುಗಾದಿಯ ತನಕ ನಡೆಯುವುದಿಲ್ಲವೇ? ಹಾಲಿಸ್ ಸಾಹೇಬರ ಅಂಗಳದಲ್ಲೇ ಅವರ ಬಾವುಟ ಹಾರಿಸಿ, ನಾಲ್ಕು ಜನರ ಮುಂದೆ ಒಂದು ಸನ್ಮಾನ ಮಾಡಿಬಿಟ್ಟರೆ, ನವೆಂಬರಿನಲ್ಲಿ ಯಾವ ಮುಖ ಇಟ್ಟುಕೊಂಡು ಅವರು ತನ್ನ ಬಾವುಟ ಇಳಿಸುತ್ತಾರೆ?

ಹೆಂಡತಿ ವಿಜಿ ಇದನ್ನೆಲ್ಲ ಕೇಳಿ, ಅವರನ್ನು ಒಂದು ಮಾತು ಕೇಳಿದ್ದೀರಾ ಎಂದಳು. ಕೇಳಿ ಮಾಡಿದರೆ ಅದು ಸನ್ಮಾನ ಹೇಗಾಗುತ್ತದೆ ಎಂದ ತಿಪ್ಪಣ್ಣ. ಈ ಮಾತಿಗೆ ಕರ್ನಾಟಕದಲ್ಲಿ ಆಕ್ಷೇಪ ಎತ್ತುವವರು ಬಹಳ ಮಂದಿ ಸಿಗುತ್ತಾರೆ. ಅದು ಬೇರೆ ವಿಷಯ. ಹದಿಮೂರರ ಮಗಳು ಆರಾಧ್ಯಾ ಫೋನಿನಿಂದ ತಲೆಯೆತ್ತದೆ, ಆ ಸಂತ ಇಂಗ್ಲೆಂಡಿಗೆ ಕಾಲೇ ಇಟ್ಟವನಲ್ಲ, ಟರ್ಕಿ ಕಡೆಯವನಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ದೇವರು ಯಾವೂರಿನವನಾದ್ರೆ ಏನಮ್ಮ, ಒಕ್ಕಲು ಎಲ್ಲಿದೆ ಅನ್ನೋದು ಮುಖ್ಯ" ಎಂದು ತಿಪ್ಪಣ್ಣ ಆ ಚರ್ಚೆ ಮುಗಿಸಿದ.

ಆ ವರ್ಷ ಏಪ್ರಿಲ್ ಇಪ್ಪತ್ಮೂರು ಭಾನುವಾರ ಬಿದ್ದಿತು. ಹಾಲಿಸ್ ಪ್ರತಿ ಭಾನುವಾರ ಬೆಳಿಗ್ಗೆ ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಪ್ರಿನ್ಸ್‌ಟನ್ ಕಾಲುವೆಯ ದಂಡೆಗೆ ಹಕ್ಕಿ ನೋಡಲು ಹೋಗಿ ಹನ್ನೊಂದಕ್ಕೆ ಹಿಂದಿರುಗುವುದು ವಾಡಿಕೆ. ಅವರ ಕಾರು ತಿರುವು ದಾಟುತ್ತಲೇ ತಿಪ್ಪಣ್ಣ ಕೆಲಸಕ್ಕಿಳಿದ. ಬಳಗದ ಬಿಳಿಯ ಚಪ್ಪರ ಅವರ ಅಂಗಳದಲ್ಲಿ ನಿಂತಿತು. ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ, ನೀರಿನ ಜಗ್ಗು, ಸಾಲಾಗಿ ಮಡಚುವ ಕುರ್ಚಿಗಳು. ಆನ್‌ಲೈನಿನಲ್ಲಿ ಇದ್ದುದರಲ್ಲೇ ದೊಡ್ಡದು ಎಂದು ತರಿಸಿದ ಬಾವುಟ ಬಿಚ್ಚಿದರೆ ಜಮಖಾನದಷ್ಟಿತ್ತು. ಅದನ್ನು ಚಪ್ಪರದ ನೆತ್ತಿಯ ಮೇಲೆ ಕಂಬ ನಿಲ್ಲಿಸಿ ಕಟ್ಟಿದ್ದಾಯಿತು. ಬೀದಿಯ ಆ ತುದಿಯಿಂದಲೇ ಕೆಂಪು ಶಿಲುಬೆ ಕಾಣುತ್ತಿತ್ತು.

ಮೇಜಿನ ಮೇಲೆ ಸಂತ ಜಾರ್ಜನ ಪಟ. ಆರಾಧ್ಯಾ ಮುದ್ರಿಸಿ ಕೊಟ್ಟಿದ್ದಳು. ವಿಜಿಯ ತಾಯಿ ಗೌರಮ್ಮ ಆರು ತಿಂಗಳಿಗೆಂದು ಬಂದು ಇಲ್ಲಿಯ ಚಳಿಯನ್ನು ಬೈಯುತ್ತ ಇದ್ದವರು, ಅಂಗಳಕ್ಕೆ ಬಂದು ಆ ಪಟ ನೋಡಿದರು. ಕುದುರೆ ಮೇಲೆ ಕೂತಿದ್ದಾನೆ, ಕೈಯಲ್ಲಿ ಈಟಿ ಇದೆ, ಕಾಲ ಕೆಳಗೆ ಎಂಥದೋ ರಾಕ್ಷಸ ಬಿದ್ದಿದೆ. ಇದು ನಮ್ಮ ಮೈಲಾರಲಿಂಗನೇ ಸರಿ ಎಂದು ಅವರು ಕುಂಕುಮ ಇಟ್ಟು, ಹೂ ಏರಿಸಿ, ಊದುಬತ್ತಿ ಹಚ್ಚಿದರು. ತಿಪ್ಪಣ್ಣ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಮತ್ತು ಹೇಳಿಟ್ಟಿದ್ದ ಇಡ್ಲಿ ತರಲು ಕಾರಿನಲ್ಲಿ ಭಾರತೀಯ ಅಂಗಡಿಗಳ ಊರಾದ ಎಡಿಸನ್‌ಗೆ ಹೊರಟ. ಅಂಗಳದ ಕಾವಲಿಗೆ ಗೌರಮ್ಮ ಉಳಿದರು.

ಏಪ್ರಿಲಿನಲ್ಲಿ ಆ ಬಡಾವಣೆಯ ಬೀದಿಗಳು ಅಪ್ಪ ಅಮ್ಮಂದಿರದು. ಚಳಿ ಸ್ವಲ್ಪ ಇಳಿದದ್ದೇ ಅವರು ಊರಿಂದ ಬಂದು ಇಳಿದಿರುತ್ತಾರೆ. ಸೀರೆಯ ಮೇಲೆ ಸ್ವೆಟರು, ಪಂಚೆಯ ಕೆಳಗೆ ಮಗನ ಶೂ ಹಾಕಿಕೊಂಡು ಬೆಳಗಿನ ವಾಕಿಂಗ್ ಮಾಡುತ್ತಾರೆ. ಅವರಿಗೆ ಅಮೆರಿಕದಲ್ಲಿ ಹಿಮದ ಭಯವಿಲ್ಲ, ಬಂದೂಕಿನ ಭಯವಿಲ್ಲ. ಇರುವುದು ಒಂದೇ ಭಯ, ಆಸ್ಪತ್ರೆಯದು. ಕೆಮ್ಮು ಬಂದರೂ ಮಗನ ಮನೆ ಮಾರಬೇಕಾದೀತು ಎಂದು ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುವ ಜನ ಅವರು. ಅಂಥವರ ಕಣ್ಣಿಗೆ ಬಿಳಿ ಚಪ್ಪರ, ಬಿಳಿ ಬಟ್ಟೆಯ ಮೇಜು, ಸಾಲು ಕುರ್ಚಿ, ಮೇಲೆ ಜಮಖಾನದಷ್ಟು ದೊಡ್ಡ ಕೆಂಪು ಶಿಲುಬೆ, ಅಂಚೆಪೆಟ್ಟಿಗೆಯ ಮೇಲೆ ಡಾಕ್ಟರ್ ಹಾಲಿಸ್ ಎಂಬ ಹೆಸರು ಒಟ್ಟಿಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು.

ಮೊದಲು ನಿಂತವರು ಜಯರಾಮು, ಮೈಸೂರಿನ ವಿದ್ಯುತ್ ಮಂಡಳಿಯಲ್ಲಿ ನಿವೃತ್ತರಾದವರು. ಊದುಬತ್ತಿ ನೋಡಿ ಅವರಿಗೆ ಅನುಮಾನ ಬರಲಿಲ್ಲ. ನಮ್ಮ ಕಡೆಯ ಯಾವ ಡಾಕ್ಟರ ಮೇಜಿನ ಮೇಲೆ ದೇವರ ಪಟವಿಲ್ಲ? ಇಲ್ಲಿ ಎಷ್ಟು ತಗೋತಾರೆ ಎಂದು ಅವರು ಗೌರಮ್ಮನನ್ನು ಕೇಳಿದರು. ಒಂದು ಪೈಸೆಯೂ ತಗೊಳ್ಳುವುದಿಲ್ಲ, ಮೇಲಾಗಿ ತಿಂಡಿ ಕೊಡುತ್ತಾರೆ, ಇಂಗ್ಲಿಷ್ ಡಾಕ್ಟರು ಹನ್ನೊಂದಕ್ಕೆ ಬರುತ್ತಾರೆ ಎಂದು ಗೌರಮ್ಮ ತಮಗೆ ತಿಳಿದಿದ್ದನ್ನು ಹೇಳಿದರು. ಅದರಲ್ಲಿ ಸುಳ್ಳೊಂದೂ ಇರಲಿಲ್ಲ. ಜಯರಾಮು ಮೊದಲನೆಯ ಕುರ್ಚಿಯಲ್ಲಿ ಕೂತು, ಫೋನ್ ತೆಗೆದು, ವಾಟ್ಸಾಪಿನಲ್ಲಿ ತಮ್ಮ ಗುಂಪಿಗೆ ಸುದ್ದಿ ಮುಟ್ಟಿಸಿದರು. ಕೊನೆಯಲ್ಲಿ, ಸಕ್ಕರೆ ಪರೀಕ್ಷೆ ಇರಬಹುದು, ಕಾಫಿ ಕುಡಿಯದೆ ಬನ್ನಿ ಎಂದು ಸ್ವಂತ ಬುದ್ಧಿಯಿಂದ ಸೇರಿಸಿದರು.

ತಿಪ್ಪಣ್ಣ ಇಡ್ಲಿಯ ಪಾತ್ರೆ ಹೊತ್ತು ಬಂದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕನ್ನಡದವರು, ತೆಲುಗಿನವರು, ಸ್ವಾಮಿನಾರಾಯಣ ದೇವಸ್ಥಾನಕ್ಕೆ ಹೋಗಬೇಕಾಗಿದ್ದ ಗುಜರಾತಿ ದಂಪತಿಗಳು, ಎಲ್ಲರೂ ತಮ್ಮ ತಮ್ಮ ಮಾತ್ರೆಯ ಡಬ್ಬಿ ಹಿಡಿದು ಸಾಲಾಗಿ ಕೂತಿದ್ದರು. ಯಾರ ಮುಖದಲ್ಲೂ ನಗುವಿಲ್ಲ, ಬೆಳಗಿನ ಕಾಫಿ ಇಲ್ಲದ ಮುಖಗಳು. ತಿಪ್ಪಣ್ಣನಿಗೆ ಕಣ್ಣು ತುಂಬಿ ಬಂತು. ಬಳಗದ ರಾಜ್ಯೋತ್ಸವಕ್ಕೆ ಊಟವಿದೆ ಎಂದು ಮೂರು ಸಲ ಹೇಳಿದರೂ ಇಷ್ಟು ಜನ ಬರುವುದಿಲ್ಲ. ಪರನಾಡಿನ ಸಂತನೊಬ್ಬನಿಗೆ ಇವರು ಇಷ್ಟು ಶ್ರದ್ಧೆಯಿಂದ ಬಂದು ಕೂತಿದ್ದಾರೆಂದರೆ! ಅವನು ಮೇಜಿನ ಹಿಂದೆ ನಿಂತು ಭಾಷಣ ಶುರು ಮಾಡಿದ. ಸಂತ ಜಾರ್ಜನು ಕಷ್ಟದಲ್ಲಿದ್ದ ಜನರನ್ನು ಪೀಡೆಯಿಂದ ಬಿಡಿಸಿದ ಎಂದಾಗ ಮಂಡಿನೋವಿನವರೆಲ್ಲ ತಲೆಯಾಡಿಸಿದರು.

ಹನ್ನೊಂದಕ್ಕೆ ಹಾಲಿಸ್ ಬಂದರು. ಕಾರಿನಿಂದ ಇಳಿದವರು ಮೊದಲು ಜನರನ್ನು ನೋಡಿದರು, ಆಮೇಲೆ ಚಪ್ಪರ ನೋಡಿದರು, ಆಮೇಲೆ ತಲೆಯೆತ್ತಿ ಬಾವುಟ ನೋಡಿದರು. ಅವರ ಮುಖ ಕಿವಿಯ ತುದಿಯ ತನಕ ಕೆಂಪಾಯಿತು. ಇದು ಆನಂದದ ಕೆಂಪೆಂದು ತಿಳಿದ ತಿಪ್ಪಣ್ಣ ಹಾರ ಹಾಕಿ, ಶಾಲು ಹೊದಿಸಿ, ದುರ್ಬೀನಿನ ಪಟ್ಟಿಯನ್ನು ಸರಿಸಿ, ಪೇಟವನ್ನು ಅವರ ತಲೆಗೆ ಇಳಿಸಿದ. ಹಣ್ಣಿನ ಬುಟ್ಟಿ ಕೈಗೆ ಬಂತು. ನಿಮ್ಮದು ಬಹಳ ದೊಡ್ಡ ಮನಸ್ಸು ಎಂದು ಹಾಲಿಸ್ ಮೆಲ್ಲಗೆ ಹೇಳಿ, ಅದನ್ನು ಬಹುಶಃ ಕೆಳಗಿಳಿಸಬಹುದೇ ಎಂದು ಮೇಲೆ ನೋಡದೆ ಮೇಲೆ ತೋರಿಸಿದರು. ವಿನಯ ಎಂದರೆ ಇದು ಎಂದುಕೊಂಡ ತಿಪ್ಪಣ್ಣ ಚಪ್ಪಾಳೆ ಹೊಡೆದ.

ಅಷ್ಟರಲ್ಲಿ ಜಯರಾಮು ಎದ್ದು ಬಂದು ಅಂಗಿಯ ತೋಳು ಮಡಚಿ ಕೈ ಚಾಚಿದರು. ಎಪ್ಪತ್ತು ದಾಟಿದ ಮನುಷ್ಯ ಮುಂದೆ ಬಂದು ಕೈ ಚಾಚಿದರೆ ಅದನ್ನು ಹಿಡಿಯದೆ ಬಿಡುವುದು ಯಾವ ಇಂಗ್ಲಿಷ್ ಮರ್ಯಾದೆಯಲ್ಲೂ ಇಲ್ಲ. ಹಾಲಿಸ್ ಹಿಡಿದರು. ಹಿಡಿದ ಕೈ ಅಲುಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಏನು ಮಾಡಬೇಕೆಂದು ತೋಚದೆ ಅವರು ಇನ್ನೊಂದು ಕೈಯ ಗಡಿಯಾರ ನೋಡಿಕೊಂಡರು. ಅಲ್ಲಿಗೆ ನಾಡಿಪರೀಕ್ಷೆ ಶುರುವಾಯಿತು ಎಂದು ಇಡೀ ಸಾಲು ಒಂದು ಕುರ್ಚಿ ಮುಂದಕ್ಕೆ ಸರಿಯಿತು.

ನಾನು ಆ ಥರದ ಡಾಕ್ಟರಲ್ಲ ಎಂದು ಹಾಲಿಸ್ ಹೇಳಲಿಲ್ಲವೆಂದಲ್ಲ, ಹೇಳಿದರು. ಆರಾಧ್ಯಾ ಅದನ್ನು ತನ್ನ ಅರೆಬರೆ ಕನ್ನಡದಲ್ಲಿ ದಾಟಿಸಿದಳು. "ಪರವಾಗಿಲ್ಲ ಬಿಡಮ್ಮ, ಯಾವ ಥರದ ಡಾಕ್ಟರಾದ್ರೂ ನಡೆಯುತ್ತೆ" ಎಂದರು ಜಯರಾಮು. ಹಿಂದಿನ ಹೆಂಗಸೊಬ್ಬರು ಹಾಲಿಸ್ ಬಾಯಿ ತೆರೆಯುವುದನ್ನೇ ಕಾದು ತಮ್ಮ ನಾಲಿಗೆ ಚಾಚಿದರು. ತಿಪ್ಪಣ್ಣನಿಗೆ ಅದೇ ಆಗ ವಿಷಯದ ಬಾಲ ಕೈಗೆ ಸಿಕ್ಕಿತು. ವಿಜಿ ಮಾತ್ರ ಇಡ್ಲಿ ಬಡಿಸಲು ಹೊರಟಳು. ಇಷ್ಟು ಜನ ಉಪವಾಸವಿದ್ದಾರೆ, ಮಿಕ್ಕದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂಬುದು ಅವಳ ಲೆಕ್ಕ.

ಬೀದಿಯಲ್ಲಿ ಅಷ್ಟು ಕಾರು ನಿಂತ ಮೇಲೆ ಪೊಲೀಸ್ ಕಾರೂ ಬಂದು ನಿಂತಿತು. ಅದರ ಹಿಂದೆಯೇ ಬಂದಾಕೆ ಕ್ಯಾರಲ್, ನಿಯಮ ಸಮಿತಿಯ ಉಪಾಧ್ಯಕ್ಷೆ. ಹಾಲಿಸ್ ನಿಯಮಗಳನ್ನು ಪಾಲಿಸುವವರಾದರೆ ಕ್ಯಾರಲ್ ಅವನ್ನು ಪ್ರೀತಿಸುವಾಕೆ. ಪೇಟ ಧರಿಸಿ, ಹಾರ ಹಾಕಿಕೊಂಡು, ಮುದುಕರೊಬ್ಬರ ಮಣಿಕಟ್ಟು ಹಿಡಿದು ನಿಂತ ತನ್ನ ಅಧ್ಯಕ್ಷರನ್ನು ಆಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಮೇಲೆ ಹೋಯಿತು. "ಡೆರೆಕ್, ಅದು ಬಾವುಟವೇ?" ಎಂದು ಕೇಳಿದಳು.

ತಿಪ್ಪಣ್ಣ ಹಾಲಿಸ್ ಅವರ ಬಾಯನ್ನೇ ನೋಡಿದ. ಹೌದು, ನನ್ನ ನಾಡಿನದು ಎಂಬ ಒಂದು ಮಾತು ಈ ಬಾಯಿಂದ ಬಂದರೆ ಸಾಕು, ನವೆಂಬರ್ ತನ್ನದು.

"ಬಾವುಟವೇ? ಛೆ, ಛೆ. ಇದು ಆರೋಗ್ಯದ ಸಂಬಂಧ" ಎಂದರು ಹಾಲಿಸ್.

ಕ್ಯಾರಲ್ ತಿಪ್ಪಣ್ಣನ ಕಡೆ ತಿರುಗಿದಳು. ಪೊಲೀಸಿನವನೂ ತಿರುಗಿದ. ತಿಪ್ಪಣ್ಣನಿಗೆ ಪೊಲೀಸರೆದುರು ಯಾವ ಪ್ರಶ್ನೆಗೂ ಹೌದೆಂದು ತಲೆಯಾಡಿಸುವ ಅಭ್ಯಾಸವಿತ್ತು, ಆಡಿಸಿದ. ಸೂಜಿ ಚುಚ್ಚುತ್ತಿದ್ದೀರಾ ಎಂದು ಪೊಲೀಸಿನವನು ಕೇಳಿದ, ಇಲ್ಲ. ಮಾತ್ರೆ ಕೊಡುತ್ತಿದ್ದೀರಾ, ಇಲ್ಲ. ಮತ್ತೇನು ಮಾಡುತ್ತಿದ್ದೀರಿ ಎಂದರೆ ಕೈ ಹಿಡಿದುಕೊಂಡು ಮಾತಾಡುತ್ತಿದ್ದೇವೆ ಎಂದರು ಹಾಲಿಸ್. ಅದಕ್ಕೆ ಊರಿನಲ್ಲಿ ಪರವಾನಗಿ ಬೇಕಿರಲಿಲ್ಲ. ಪೊಲೀಸಿನವನು ಕಾರುಗಳನ್ನು ಒಂದು ಬದಿಗೆ ಸರಿಸಲು ಹೇಳಿ, ಗೌರಮ್ಮ ಕೊಟ್ಟ ಇಡ್ಲಿ ತಿಂದು, ಚಟ್ನಿ ಖಾರ ಎಂದು ನೀರು ಕುಡಿದು ಹೋದ. ಮಾತು ಕೊಟ್ಟ ಮೇಲೆ ಹಾಲಿಸ್ ಮಧ್ಯಾಹ್ನದವರೆಗೆ ಕೂತು ಅಷ್ಟೂ ಜನರ ಕೈ ಹಿಡಿದರು. ಪ್ರತಿಯೊಬ್ಬರಿಗೂ, ದಯವಿಟ್ಟು ನಿಜವಾದ ಡಾಕ್ಟರನ್ನು ನೋಡಿ ಎಂದರು. ಇಂಥ ಪ್ರಾಮಾಣಿಕ ಡಾಕ್ಟರನ್ನು ನೋಡೇ ಇಲ್ಲ ಎಂದು ಎಲ್ಲರೂ ಹೊಗಳಿಕೊಂಡು ಹೋದರು.

ಕುರ್ಚಿ ಮಡಚುವಾಗ ಇಬ್ಬರೇ ಉಳಿದಿದ್ದರು. ಹಾಲಿಸ್ ಪೇಟವನ್ನು ಎಚ್ಚರದಿಂದ ತೆಗೆದು ಮೇಜಿನ ಮೇಲಿಟ್ಟರು. ನಿಮ್ಮ ಕಡೆ ಈ ದಿನ ಏನು ಮಾಡುತ್ತಾರೆ ಎಂದು ತಿಪ್ಪಣ್ಣ ಕೊನೆಗೂ ಕೇಳಿದ. ಏನೂ ಮಾಡುವುದಿಲ್ಲ ಎಂದರು ಹಾಲಿಸ್. ನೆನಪಾದರೆ ಒಂದು ಲೋಟ ಬಿಯರ್, ಸಾಮಾನ್ಯವಾಗಿ ನೆನಪಾಗುವುದಿಲ್ಲ. ಬಾವುಟ ಎಂದರೆ ಫುಟ್‌ಬಾಲಿಗೆ. ಫುಟ್‌ಬಾಲ್ ಇಲ್ಲದಾಗಲೂ ಅದನ್ನು ಕಿಟಕಿಗೆ ಕಟ್ಟಿದವನನ್ನು ಕಂಡರೆ, ಇವನು ಯಾವ ವಲಸಿಗರನ್ನು ಊರು ಬಿಡಿಸಲು ಹೊರಟಿದ್ದಾನೋ ಎಂದು ಜನ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಎಲ್ಲರೂ ಹಾಗಲ್ಲ, ಪಾಪದವರೂ ಕಟ್ಟುತ್ತಾರೆ, ಆದರೆ ಯಾವುದು ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲವಲ್ಲ ಎಂದರು. ಅರ್ಧ ಪ್ರಪಂಚದ ನೆತ್ತಿಯ ಮೇಲೆ ಬಾವುಟ ನೆಟ್ಟವರು ಸ್ವಂತ ಅಂಗಳದಲ್ಲಿ ನೆಡಲು ಹೀಗೆ ಹೆದರುವುದನ್ನು ಕೇಳಿ ತಿಪ್ಪಣ್ಣನಿಗೆ ತನ್ನ ಏಳು ವಾರ ಪೂರ್ತಿ ನೀರಿಗೆ ಹೋದ ಹಾಗಾಯಿತು. ಮನೆಗೆ ಬಂದು ಹೇಳಿದಾಗ ಗೌರಮ್ಮ ಮಾತ್ರ ಬೇರೆ ಕಾರಣ ಕಂಡುಕೊಂಡರು. "ಪಾಪ, ಹಬ್ಬ ಮಾಡಿ ಅನ್ನೋಕೆ ಮನೇಲಿ ಹಿರಿಯರಿಲ್ಲ" ಎಂದು ಉಳಿದ ಇಡ್ಲಿಯನ್ನು ಅವರ ಮನೆಗೆ ಕಳಿಸಿದರು.

ಬೇಸಿಗೆ ಕಳೆಯಿತು. ಶಿವಪ್ರಸಾದ್ ಸಿಕ್ಕಲ್ಲೆಲ್ಲ ಬಾವುಟದ ಕ್ಷೇಮ ವಿಚಾರಿಸುತ್ತಿದ್ದರು. ಅಕ್ಟೋಬರಿನಲ್ಲಿ ನಿಯಮ ಸಮಿತಿ ಕ್ಲಬ್‌ಹೌಸಿನಲ್ಲಿ ಸೇರಿದಾಗ ತಿಪ್ಪಣ್ಣ ಟೈ ಕಟ್ಟಿಕೊಂಡು ಹೋಗಿ, ರಾಜ್ಯೋತ್ಸವಕ್ಕೆ ಒಂದು ದಿನ, ಒಂದೇ ದಿನ, ತನ್ನ ನಾಡಿನ ಬಾವುಟ ಹಾರಿಸಲು ಅನುಮತಿ ಬೇಡಿದ. ಬೇರೆ ದೇಶದ ಬಾವುಟ ಈ ಬಡಾವಣೆಯಲ್ಲಿ ಆಗಲೇ ಹಾರಿದೆಯಲ್ಲ ಎಂದೂ ಹೇಳಿನೋಡಿದ. ಎಲ್ಲಿ ಹಾರಿದೆ ಎಂದಳು ಕ್ಯಾರಲ್. ಏಪ್ರಿಲಿನಲ್ಲಿ ಹಾರಿದ್ದು ಆರೋಗ್ಯ ಶಿಬಿರದ ಗುರುತಿನ ಬಟ್ಟೆ. ಆರೋಗ್ಯ ಶಿಬಿರಕ್ಕೆ ಒಂದು ದಿನ ಒಂದು ಬಟ್ಟೆ ಕಟ್ಟಬಹುದು ಎಂದು ನಿಯಮವೇ ಇದೆ. ಅದು ಬಾವುಟವಲ್ಲವೆಂದು ಅಧ್ಯಕ್ಷರು ಹೇಳಿದ್ದಾರೆ, ನೀನೂ ಪೊಲೀಸಿನವನ ಮುಂದೆ ತಲೆಯಾಡಿಸಿದ್ದೀಯ. ತಿಪ್ಪಣ್ಣ ಹಾಲಿಸ್ ಅವರ ಮುಖ ನೋಡಿದ. ಹಾಲಿಸ್ ಮೇಜು ನೋಡಿದರು.

ತಿಪ್ಪಣ್ಣನಿಗೆ ಅಳು ಬರುವಷ್ಟು ಅವಮಾನವಾಯಿತು. ನಮಸ್ಕಾರ ಹೇಳಿ ಎದ್ದ. ಬಾಗಿಲ ಹತ್ತಿರ ಹೋದಾಗ ಹಾಲಿಸ್ ಗಂಟಲು ಸರಿಮಾಡಿಕೊಂಡು, ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ, ನಿಮ್ಮದರಲ್ಲಿ ಮೇಲಿನ ಹಳದಿ ಏನು ಎಂದರು. ಅರಿಶಿನ ಎಂದ ತಿಪ್ಪಣ್ಣ. ಕೆಳಗಿನ ಕೆಂಪು? ಕುಂಕುಮ, ಅದನ್ನು ಮಾಡುವುದೂ ಅರಿಶಿನಕ್ಕೆ ಸುಣ್ಣ ಬೆರೆಸಿಯೇ. ಕ್ಷಾರ ಸೇರಿದರೆ ಹಳದಿ ಕೆಂಪಾಗುತ್ತದೆ, ಬಹಳ ಸ್ವಾರಸ್ಯಕರ ಎಂದರು ಹಾಲಿಸ್. ಅರಿಶಿನದ ಬಗ್ಗೆ ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಸಂಶೋಧನೆ ನಡೆಯುತ್ತಿದೆ, ಅದರ ಕುರಿತು ಬಡಾವಣೆಯ ಜನರಿಗೆ ತಿಳಿವಳಿಕೆ ಕೊಡುವ ಶಿಬಿರ ಒಂದು ದಿನ ನಡೆದರೆ ಅದಕ್ಕೆ ತಕ್ಕ ಬಣ್ಣದ ಒಂದು ಬಟ್ಟೆ ಕಟ್ಟುವುದು ಅಸಹಜವೇನಲ್ಲ ಎಂದು ಅವರು ಯಾರನ್ನೂ ನೋಡದೆ ಹೇಳಿದರು. ಕ್ಯಾರಲ್ ಒಂದು ಕ್ಷಣ ಯೋಚಿಸಿದಳು. ಆಕೆ ದಿನಾ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಅರಿಶಿನದ ಲಾಟೆ ಕುಡಿಯುವವಳು. ಅದು ಎಲ್ಲಿಂದ ಬಂತೆಂದು ಇವತ್ತಿನವರೆಗೆ ಕೇಳಿರಲಿಲ್ಲ. ಒಪ್ಪಿದಳು. ಆದರೆ ಷರತ್ತು ಹಾಕಿದಳು: ಶಿಬಿರ ನಿಜವಾಗಿ ನಡೆಯಬೇಕು, ತಾನೇ ಬಂದು ನೋಡುತ್ತೇನೆ, ಮತ್ತು ಅದನ್ನು ಯಾರಾದರೂ ಬಾವುಟ ಎಂದ ಕ್ಷಣ ಇಳಿಯಬೇಕು.

ನವೆಂಬರ್ ಒಂದರ ಸಂಜೆ ತಿಪ್ಪಣ್ಣನ ಅಂಗಳ ತುಂಬಿತು. ಗೌರಮ್ಮ ವೀಸಾ ವಿಸ್ತರಿಸಿಕೊಂಡು ಉಳಿದಿದ್ದರು. ದೊಡ್ಡ ಪಾತ್ರೆಯಲ್ಲಿ ಅರಿಶಿನದ ಹಾಲು ಕಾಯಿಸಿ ಹಂಚುತ್ತಿದ್ದರು. ಬಳಗದವರು ಜುಬ್ಬ, ರೇಷ್ಮೆ ಸೀರೆಗಳ ಮೇಲೆ ಕೋಟು ತೊಟ್ಟು ಮೆರವಣಿಗೆಗೆ ಸಾಲು ನಿಂತಿದ್ದರು. ಇನ್ನೊಂದು ಸಾಲಿನಲ್ಲಿ ಬಡಾವಣೆಯ ಅಮೆರಿಕನ್ನರು, ಅರಿಶಿನ ಮಂಡಿನೋವಿಗೆ ಒಳ್ಳೆಯದೆಂದು ಕೇಳಿ, ಮಂಡಿ ತೋರಿಸಿಕೊಂಡು ನಿಂತಿದ್ದರು. ತಿಪ್ಪಣ್ಣ ಹಗ್ಗ ಎಳೆದ. ಹಳದಿ ಮತ್ತು ಕೆಂಪು ಮೇಲೇರಿ, ಗಾಳಿಗೆ ಒಮ್ಮೆ ಮುದುಡಿ, ಪೂರ್ತಿ ಬಿಚ್ಚಿಕೊಂಡಿತು. ಅವನ ಎದೆ ತುಂಬಿ ಬಂತು. ಮಾತಾಡಲು ಆಗಲಿಲ್ಲ.

ಮಾತಾಡಿದವರು ಶಿವಪ್ರಸಾದ್. ಷರತ್ತಿನ ಸುದ್ದಿ ಅವರ ಕಿವಿಗೆ ಹೇಗೋ ಬಿದ್ದಿತ್ತು. ಕ್ಯಾರಲ್ ಹಾಲಿನ ಲೋಟ ಹಿಡಿದು ಹತ್ತಿರ ಬರುವವರೆಗೆ ಕಾದು, ಆಕೆಗೆ ತಿಳಿಯಲೆಂದೇ ಇಂಗ್ಲಿಷಿನಲ್ಲಿ, ಗಟ್ಟಿ ಧ್ವನಿಯಲ್ಲಿ ಕೇಳಿದರು. "ತಿಪ್ಪಣ್ಣನವರೇ, ಎಲ್ಲರ ಮುಂದೆ ಹೇಳಿ. ಇದು ನಮ್ಮ ನಾಡಿನ ಬಾವುಟ ಹೌದೋ ಅಲ್ಲವೋ?"

ಮೆರವಣಿಗೆ ಆಗಲೇ ಬಾವುಟದ ಕೆಳಗೆ ಸಾಲು ನಿಂತಿದೆ, ಹೌದೆಂದರೆ ಆಣೆ ನಡೆದ ಹಾಗೆ, ಅಧ್ಯಕ್ಷ ಪದವಿ ತಿಪ್ಪಣ್ಣನದು, ಆದರೆ ಬಾವುಟ ಈಗಲೇ ಕೆಳಗೆ. ಅಲ್ಲವೆಂದರೆ ಬಾವುಟ ಮೇಲೆ, ಆಣೆ ಸುಳ್ಳು, ಪದವಿ ಶಿವಪ್ರಸಾದರಿಗೆ. ವಿಜಿ ಗಂಡನನ್ನೇ ನೋಡುತ್ತಿದ್ದಳು. ತಿಪ್ಪಣ್ಣ ತಲೆಯೆತ್ತಿ ನೋಡಿದ. ಅದು ಮನೆಯ ಸೂರಿಗಿಂತ ಎತ್ತರದಲ್ಲಿ, ಯಾರ ಹಂಗೂ ಇಲ್ಲದೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಇಳಿಸಲು ಅವನಿಗೆ ಕೈ ಬರಲಿಲ್ಲ.

"ಅಲ್ಲ" ಎಂದ. "ಅರಿಶಿನದ ಶಿಬಿರದ್ದು."

ಶಿವಪ್ರಸಾದ್ ನಕ್ಕು, ಬಳಗದವರ ಕಡೆ ತಿರುಗಿ ಕೈ ಮುಗಿದರು. ಅಧ್ಯಕ್ಷರು ಮುಗಿಯುವ ರೀತಿಯಲ್ಲೇ ಮುಗಿದರು. ಅವರನ್ನು ಮುಂದಿಟ್ಟುಕೊಂಡು ಮೆರವಣಿಗೆ ಬಾವುಟದ ಕೆಳಗೆ ಹಾದು ಹೊರಟಿತು. ಹಾದು ಹೋಗುವಾಗ ಜಯರಾಮು ಸುಮ್ಮನೆ ತಿಪ್ಪಣ್ಣನ ಹೆಗಲು ಮುಟ್ಟಿ ಹೋದರು. ವಿಜಿ ಬಂದು ಪಕ್ಕದಲ್ಲಿ ನಿಂತು ಹಾಲಿನ ಲೋಟ ಕೈಗಿಟ್ಟಳು. ತಿಪ್ಪಣ್ಣನಿಗೆ ದುಃಖವಾಗಿತ್ತು, ಹೆಮ್ಮೆಯೂ ಆಗಿತ್ತು. ಯಾವುದು ಎಷ್ಟು ಎಂದು ಅವನಿಗೇ ಗೊತ್ತಾಗಲಿಲ್ಲ.

ಹಾಲಿಸ್ ಬೇಲಿಯ ಆಚೆಯಿಂದ ನಿಧಾನವಾಗಿ ಬಂದು ಇನ್ನೊಂದು ಪಕ್ಕದಲ್ಲಿ ನಿಂತರು. ಆಮೇಲೆ ಮೊದಲ ಸಲ, ಬಹುಶಃ ಎಂಬ ಮಾತು ಸೇರಿಸದೆ, ನೇರವಾಗಿ ಮೇಲೆ ನೋಡಿಕೊಂಡು ಹೇಳಿದರು.

"ನಿಮ್ಮ ಬಾವುಟ ತುಂಬ ಚೆನ್ನಾಗಿದೆ."

ಕ್ಯಾರಲ್ ಎರಡನೆಯ ಲೋಟ ಹಾಲಿಗೆಂದು ಅತ್ತಲೇ ಬರುತ್ತಿದ್ದಳು. ತಿಪ್ಪಣ್ಣ ಕಣ್ಣು ಒರೆಸಿಕೊಂಡು ಕೇಳಿದ:

"ಯಾವ ಬಾವುಟ?"